ಸತ್ತವನಿಗೆ ಕುಡಿಸಿದ ಮೂರು ಸಾಲು

ಫೆಬ್ರವರಿ 4, ಮಧ್ಯಾಹ್ನ

ಇವತ್ತೂ ಮೇಷ್ಟ್ರ ಕೋಣೆಯಲ್ಲೇ ಠಿಕಾಣಿ. ಎದುರಿಗೆ ಬಿಸಿನೀರಿನ ಫ್ಲಾಸ್ಕ್, ಅವರ ಮೊಣಕಾಲಿನ ಕೆಳಗೊಂದು ದಿಂಬು, ಕಿಟಕಿಯಾಚೆ ಬಸ್ ಡಿಪೋ. ಅವರು ಹೇಳುತ್ತಾರೆ, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಬರೆಯುತ್ತೇನೆ. ಏಪ್ರಿಲ್‌ನಲ್ಲಿ ಪಿ.ಆರ್., ಅಂದರೆ ಸಾರ್ವಜನಿಕ ಸಂಪರ್ಕ, ವೃತ್ತಿಯವರ ಸಂಘಕ್ಕೆ ಸುವರ್ಣ ಮಹೋತ್ಸವ. ಮೇಷ್ಟ್ರಿಗೆ ಜೀವಮಾನ ಸಾಧನೆಯ ಪ್ರಶಸ್ತಿ. ಅವರ ಭಾಷಣದ ವಿಷಯ — ನಮ್ಮ ವೃತ್ತಿ ನಡೆದುಬಂದ ದಾರಿ. ಭಾಷಣ ಅವರದು, ಬರವಣಿಗೆ ನನ್ನದು. ಎಂದಿನಂತೆ.

ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರಲ್ಲ ಇವರು. ಊರಿನ ಅರ್ಧ ಪಿ.ಆರ್. ಮಂದಿ ಇವರ ಏಜೆನ್ಸಿಯಲ್ಲೇ ಪಳಗಿದ್ದು, ಹಾಗಾಗಿ ಆ ಹೆಸರು ನಿಂತಿತು. ನನಗೂ ಅನ್ನ ಹಾಕಿದ ಕೈ. ಟೈಪಿಂಗ್ ಬಿಟ್ಟರೆ ಬೇರೇನೂ ಬಾರದವಳಿಗೆ ಕುರ್ಚಿ ಕೊಟ್ಟು, ತಿದ್ದಿ ತೀಡಿ, ಇಡೀ ಬರವಣಿಗೆ ವಿಭಾಗವನ್ನೇ ಕೈಗಿತ್ತವರು.

"ಡಂಗುರದಿಂದ ಶುರು ಮಾಡೋಣ" ಅಂದರು. "ರಾಜ ಹೇಳಿದ್ದನ್ನ ಊರಿಗೆ ಮುಟ್ಟಿಸೋನು ಡಂಗುರದವನು. ಊರು ಏನಂತಿದೆ ಅಂತ ರಾಜನ ಕಿವಿಗೂ ಹಾಕೋರು ನಾವು. ವ್ಯತ್ಯಾಸ ಇಷ್ಟೇ. ಬರ್ಕೋ."

ಚೆನ್ನಾಗಿದೆ. ಮೊದಲ ಸಾಲು ಸಿಕ್ಕಿತು.

ಫೆಬ್ರವರಿ 7

ಸರ್ಕಸ್ ಕಂಪನಿಗಳ ಕಾಲ ಮುಗಿಸಿದೆವು. ಅವುಗಳ ಪ್ರಚಾರಕರು ಊರಿಗೆ ಮುಂಚೆ ಹೋಗಿ ಇಲ್ಲದ ಆನೆಗೂ ದಂತ ಕಟ್ಟಿ ಹೇಳುತ್ತಿದ್ದವರು. ಆಮೇಲೆ ರೈಲು. ಅಪಘಾತವಾದರೆ ಮುಚ್ಚಿಡುವುದೇ ರೈಲು ಕಂಪನಿಗಳ ಪದ್ಧತಿ. ನೂರು ವರ್ಷಕ್ಕೂ ಹಿಂದೆ, ದೂರದ ದೇಶವೊಂದರಲ್ಲಿ, ಸೇತುವೆಯಿಂದ ರೈಲು ಉರುಳಿತು. ಆ ಕಂಪನಿಯ ಸಲಹೆಗಾರ ಮುಚ್ಚಿಡಲಿಲ್ಲ. ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ತಾನೇ ಕೊಟ್ಟ, ಪತ್ರಕರ್ತರನ್ನು ಸ್ಥಳಕ್ಕೆ ಕರೆತರಿಸಿದ. ಮೊದಲ ಪ್ರೆಸ್ ನೋಟ್ ಅದೇ ಎನ್ನುತ್ತಾರೆ ವೃತ್ತಿಯವರು.

"ನಮ್ಮ ಕಸುಬು ಹುಟ್ಟಿದ್ದೇ ಅಪಘಾತದಲ್ಲಿ ನೋಡು" ಅಂದರು ಮೇಷ್ಟ್ರು. "ಮೊದಲು ಹೇಳು, ನೀನೇ ಹೇಳು. ಬೇರೆಯವರು ಹೇಳೋಕೆ ಮುಂಚೆ ನೀನು ಹೇಳಿದ್ದೇ ಸತ್ಯ."

ಕೊನೆಯ ಮಾತು ಆ ಸಲಹೆಗಾರನದಲ್ಲ, ಇವರದು. ಬೇರೆ ಮಾಡಿ ಬರೆಯಬೇಕು.

ಫೆಬ್ರವರಿ 11, ಸಂಜೆ

ಯುದ್ಧಕಾಲದ ಪ್ರಚಾರ ಕಚೇರಿಗಳು, ಕಾರ್ಖಾನೆಗಳು ನೌಕರರಿಗೆಂದು ಹೊರಡಿಸುತ್ತಿದ್ದ ಮನೆಪತ್ರಿಕೆಗಳು, ಪತ್ರಕರ್ತರಿಗೆ ಊಟ ಹಾಕಿಸುತ್ತಿದ್ದ ಕಾಲ — ಎಲ್ಲ ಆಯಿತು. ಮೇಷ್ಟ್ರು ಖುಷಿಯಲ್ಲಿದ್ದರು.

"ಪುಸ್ತಕದ ಮಾತು ಸಾಕು. ಈಗ ನನ್ನ ಮೊದಲ ಕ್ರೈಸಿಸ್ ಹೇಳ್ತೀನಿ. ಭಾಷಣಕ್ಕಲ್ಲ, ನಿನಗೆ."

ನದಿ ದಡದ ಕಾಗದದ ಗಿರಣಿ. ಬಾಯ್ಲರ್ ಸಿಡಿದು ಆಪರೇಟರ್ ಒಬ್ಬ ಸತ್ತದ್ದು.

"ವಾಲ್ವ್ ಕೆಟ್ಟಿದೆ ಅಂತ ಆ ಆಪರೇಟರೇ ಮೇಲಿನವರಿಗೆ ಬಡ್ಕೊಳ್ತಾನೇ ಇದ್ನಂತೆ. ಗಿರಣಿ ಯಜಮಾನ್ರು ನನ್ನ ಕರೆಸಿದ್ರು. ಇನ್ನೂ ಹೊಗೆ ಆಡ್ತಿತ್ತು. ಇಂಜಿನಿಯರ್ ಒಳಗೆ ಕಾಲಿಡೋ ಮುಂಚೆ ನನ್ನ ಮೂರು ಸಾಲು ಎಲ್ಲ ಪೇಪರ್ ಆಫೀಸಿಗೂ ಹೋಗಿತ್ತು. ಕೆಲಸದ ವೇಳೆ ಮದ್ಯಪಾನ ಮಾಡಿದ್ದ ನೌಕರನ ನಿರ್ಲಕ್ಷ್ಯ — ಮುಗೀತು. ಒಬ್ಬನೂ ತಿರುಗಿ ಕೇಳ್ಲಿಲ್ಲ. ಯಾಕೆ ಕೇಳ್ತಾನೆ? ಅವರ ಪೇಪರ್ ಅಚ್ಚಾಗ್ತಿದ್ದದ್ದೇ ಆ ಗಿರಣಿ ಕಾಗದದ ಮೇಲೆ!"

"ಅವರು ಕುಡಿದಿದ್ರಾ ಸರ್?"

"ಬದುಕಿದ್ದಾಗ ಮುಟ್ಟಿರ್ಲಿಲ್ವಂತೆ ಪಾಪ. ಸತ್ತ ಮೇಲೆ ನಾನು ಕುಡಿಸಿದೆ ಅನ್ನು." ನಕ್ಕರು. ನಗು ಕೆಮ್ಮಿಗೆ ತಿರುಗಿತು. ಬಿಸಿನೀರು ಬಗ್ಗಿಸಿ ಕೊಟ್ಟವಳು ನಾನೇ.

ಆ ಆಪರೇಟರ್ ನನ್ನ ಅಪ್ಪ.

ಫೆಬ್ರವರಿ 12

ರಜೆ ಹಾಕಿದೆ. ಜ್ವರ ಅಂದೆ.

ಫೆಬ್ರವರಿ 20

ಬರೆಯಲು ಕೂತರೆ ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ. ಯಾರಿಗೆ ಹೇಳಲಿ?

ಅಪ್ಪ ಹೋದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಗಿರಣಿಯವರು ಕ್ವಾರ್ಟರ್ಸ್ ಖಾಲಿ ಮಾಡಿಸಿದರು. ಕುಡಿದು ಸತ್ತವನಿಗೆ ಪರಿಹಾರವೂ ಇಲ್ಲವಂತೆ. ಬೇರೆ ಊರು, ಬೇರೆ ಶಾಲೆ. ಸುದ್ದಿಗೆ ಕಾಲು ಎಷ್ಟು ಉದ್ದ! ನಾವು ಹೋಗುವ ಮುಂಚೆ ಅದು ಹೋಗಿ ಬೆಂಚಿನ ಮೇಲೆ ಕೂತಿರುತ್ತಿತ್ತು. 'ಕುಡುಕನ ಮಗಳು.' ಅಮ್ಮ ಒಂದೇ ಒಂದು ಸಲವೂ "ನಿಮ್ಮಪ್ಪ ಕುಡೀತಿರ್ಲಿಲ್ಲ" ಅನ್ನಲಿಲ್ಲ. ಒಮ್ಮೆ ನಾನೇ ಕೇಳಿದೆ. ಕತ್ತರಿಸುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ಎದ್ದುಹೋದಳು. ಹಾಗಾದರೆ ನಿಜ ಅಂದುಕೊಂಡೆ.

ಅಪ್ಪನ ಮೈಗೆ ಎಣ್ಣೆ ಮತ್ತು ಬಟ್ಟೆ ಸೋಪಿನ ವಾಸನೆ. ಅದು ನನಗೆ ಖಂಡಿತ ಗೊತ್ತಿತ್ತು. ಆದರೆ ಜನ ಅಂದದ್ದನ್ನು ಕೇಳೀ ಕೇಳೀ, ಇನ್ನೊಂದು ವಾಸನೆಯೂ ಇತ್ತೇನೋ ಅನ್ನಿಸತೊಡಗಿತು. ಆಮೇಲೆ ಅದು ನೆನಪಿಗೇ ಬರತೊಡಗಿತು. ಹೆಗಲ ಮೇಲೆ ಕೂರಿಸಿಕೊಂಡು ನದಿಗೆ ಕರೆದೊಯ್ದ ದಿನದ ನೆನಪಿಗೂ ಅದು ಬಂದು ಅಂಟಿತು.

ಆ ವಾಸನೆಯನ್ನು ನನ್ನ ತಲೆಯೊಳಗೆ ಇಟ್ಟವನು ಈ ಮುದುಕ. ಮೂರು ಸಾಲಿನಲ್ಲಿ. ನಾಳೆ ಅವನಿಗೆ ಮತ್ತೆ ಬಿಸಿನೀರು ಬಗ್ಗಿಸಿ ಕೊಡಬೇಕು.

ಕೊಡುತ್ತೇನೆ. ಹುಷಾರಾಗಿರಲಿ. ಏಪ್ರಿಲ್‌ವರೆಗೆ ಚೆನ್ನಾಗಿರಲಿ.

ಫೆಬ್ರವರಿ 26

ಭಾಷಣಕ್ಕಲ್ಲ ಅಂದರೂ ಅವತ್ತು ಫೋನ್ ಓಡುತ್ತಲೇ ಇತ್ತು; ಆ ರೆಕಾರ್ಡಿಂಗ್ ಅದರಲ್ಲೇ ಇದೆ. ಅಳಿಸಿಲ್ಲ. ನೇರವಾಗಿ ಟಿವಿಯವರಿಗೆ ಕೊಟ್ಟರೆ? ಯೋಚಿಸಿದೆ. ಮೇಷ್ಟ್ರು ಏನನ್ನುತ್ತಾರೆ ಎಂದು ನನಗೆ ಅವರಿಗಿಂತ ಮೊದಲೇ ಗೊತ್ತು — ಏಕೆಂದರೆ ಅದನ್ನೂ ನಾನೇ ಬರೆದುಕೊಡಬೇಕಾಗುತ್ತಿತ್ತು! 'ಕತ್ತರಿಸಿ ಜೋಡಿಸಿದ ಧ್ವನಿ. ವಯೋವೃದ್ಧರ ಖಾಸಗಿ ಹರಟೆ. ಅತೃಪ್ತ ಉದ್ಯೋಗಿಯ ಕೃತ್ಯ.' ಮಧ್ಯಾಹ್ನದೊಳಗೆ ತಣ್ಣಗಾಗುತ್ತದೆ. ಗಿರಣಿ ಈಗ ಯಜಮಾನರ ಮಕ್ಕಳ ಕೈಯಲ್ಲಿದೆ. ಇವತ್ತಿಗೂ ಏಜೆನ್ಸಿಯ ದೊಡ್ಡ ಕ್ಲೈಂಟ್. ಸುವರ್ಣ ಮಹೋತ್ಸವಕ್ಕೆ ಪ್ರಾಯೋಜಕರೂ ಅವರೇ.

ಮೇಷ್ಟ್ರ ಬಾಯಿಂದಲೇ ಬರಬೇಕು. ವೇದಿಕೆಯ ಮೇಲೆ. ಎಲ್ಲರ ಮುಂದೆ.

ಮೇಷ್ಟ್ರು ಯಾವತ್ತೂ ರಿಹರ್ಸಲ್ ಮಾಡುವವರಲ್ಲ. ಅದೊಂದು ಜಂಬ. "ಗಾಜಿನ ಮೇಲೆ ಅಕ್ಷರ ಬಂದ್ರೆ ಸಾಕು, ನಗಿಸ್ತೀನಿ, ಅಳಿಸ್ತೀನಿ" ಅನ್ನುತ್ತಾರೆ. ಗಾಜು ಅಂದರೆ ಪ್ರಾಂಪ್ಟರ್, ಭಾಷಣದ ಸಾಲುಗಳು ಒಂದೊಂದಾಗಿ ಮೂಡುವ ಫಲಕ. ವೇದಿಕೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಸಾಲು ಸರಿಸುವವಳು ನಾನೇ.

ಮಾರ್ಚ್ 15, ಸಂಜೆ

ಮೇಷ್ಟ್ರು ಇವತ್ತು ಬಾಗಿಲು ಹಾಕಿಸಿ ಹೇಳಿದರು. "ನಾನಾದ ಮೇಲೆ ಈ ಏಜೆನ್ಸಿ ನೀನೇ ನೋಡ್ಕೋಬೇಕು. ಸಮಾರಂಭದ ದಿನವೇ ಘೋಷಣೆ ಮಾಡ್ತೀನಿ. ನನಗೆ ಮಗಳು ಇದ್ದಿದ್ರೆ ನಿನ್ನ ಹಾಗೇ ಇರ್ಬೇಕಿತ್ತು."

ಆಸೆಯಾಯಿತು. ಬರೆದೇ ಬಿಡುತ್ತೇನೆ — ಆಸೆಯಾಯಿತು. ಬಸ್ಸಿನಲ್ಲಿ ಮನೆವರೆಗೂ ಇತ್ತು. ಉಂಡ ಮನೆಗೆ ಎರಡು ಬಗೆಯುವವಳು ನಾನು ಅನ್ನಿಸಿತು. ಮೂರು ಮಹಡಿ ಹತ್ತಿ ಬಂದೆ. ಅಮ್ಮ ಬಾಗಿಲು ತೆರೆದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಈ ವಯಸ್ಸಿನಲ್ಲೂ ಪಕ್ಕದ ಮನೆಯವರ ಬ್ಲೌಸು ಹೊಲಿಯುತ್ತಾಳೆ. ಆಸೆ ಮೆಟ್ಟಿಲಲ್ಲೇ ಉಳಿಯಿತು.

ಏಪ್ರಿಲ್ 12

ಎರಡು ಭಾಷಣ ತಯಾರು. ಮೇಷ್ಟ್ರು ಓದಿ ಮೆಚ್ಚಿದ್ದು ಒಂದು. ಇನ್ನೊಂದು ಅದೇ — ರೈಲಿನ ಅಪಘಾತದವರೆಗೆ. ಅಲ್ಲಿಂದ ಮುಂದೆ ಅಪ್ಪ. ಅವರು ಹೇಳಿದ್ದೇ, ವೇದಿಕೆಯ ಭಾಷೆಗೆ ತಿದ್ದಿದ್ದೇನೆ ಅಷ್ಟೇ; ಹೊಸ ಸಂಗತಿ ಒಂದನ್ನೂ ಸೇರಿಸಿಲ್ಲ. ಮೂರು ಸಾಲು, ಕುಡಿಸಿದ್ದು, ವಾಲ್ವ್, ಯಜಮಾನರು. ಆ ಕ್ರಮದಲ್ಲಿ.

ಅಮ್ಮನಿಗೆ ಏನೂ ಹೇಳಿಲ್ಲ. ನಾಳೆ ಟಿವಿ ನೋಡು ಅಂದೆ, ಅಷ್ಟೇ.

ಏಪ್ರಿಲ್ 13, ಸಂಜೆ ಏಳು

ಈಗ ತಾನೇ ಬಂದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಹಾಲ್ ತುಂಬಿತ್ತು. ಮುಂದಿನ ಸಾಲಲ್ಲಿ ಗಿರಣಿಯ ಅಣ್ಣತಮ್ಮಂದಿರು. ಮೇಷ್ಟ್ರು ಬಿಳಿ ಕೋಟು. ಡಂಗುರಕ್ಕೆ ನಗು ಬಂತು. ಸರ್ಕಸ್ಸಿಗೆ ಚಪ್ಪಾಳೆ. ರೈಲಿಗೆ ಹಾಲ್ ನಿಶ್ಶಬ್ದ. ನಾನು ಸಾಲು ಸರಿಸಿದೆ.

"ನಾನೂ ಒಂದು ಅಪಘಾತದಿಂದಲೇ ಈ ವೃತ್ತಿಯಲ್ಲಿ ಮೇಲೆ ಬಂದೆ. ಕಾಗದದ ಗಿರಣಿಯೊಂದರಲ್ಲಿ ಬಾಯ್ಲರ್ ಸಿಡಿದು ಆಪರೇಟರ್ ಸತ್ತ. ಅವನು ಕುಡಿದಿದ್ದ ಎಂದು ನಾನು ಮೂರು ಸಾಲು ಬರೆದೆ. ಅವನು ಬದುಕಿದ್ದಾಗ ಮುಟ್ಟಿದವನಲ್ಲ. ಸತ್ತ ಮೇಲೆ ನಾನು ಕುಡಿಸಿದೆ."

ಓದಿಬಿಟ್ಟರು. ಅಭ್ಯಾಸಬಲ. ನಾಲಿಗೆ ಮುಂದೆ, ತಲೆ ಹಿಂದೆ. ಆಮೇಲೆ ನಿಂತರು. ನೀರು ಕುಡಿದರು. ಪಕ್ಕಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ಮುಂದಿನ ಸಾಲು ಸರಿಸಿದೆ — ವಾಲ್ವ್ ಕೆಟ್ಟಿದೆ ಎಂದು ಆತ ಮೇಲಿನವರಿಗೆ…

ಮೇಷ್ಟ್ರು ಗಾಜಿನಿಂದ ಕಣ್ಣು ಕಿತ್ತರು. ಕನ್ನಡಕ ತೆಗೆದರು. ವೇದಿಕೆಯ ಅಂಚಿಗೆ ಬಂದರು, ಕುಂಟುತ್ತಾ.

"ಇದನ್ನ ಇವತ್ತಿನವರೆಗೆ ಎಲ್ಲೂ ಹೇಳಿರ್ಲಿಲ್ಲ. ಗಿರಣಿಯವರಿಗೂ ಗೊತ್ತಿರ್ಲಿಲ್ಲ. ಅವರು ನನ್ನ ನಂಬಿದ್ರು. ತಪ್ಪು ನನ್ನೊಬ್ಬನದು. ಈ ಪ್ರಶಸ್ತಿ ತಗೊಳ್ಳೋ ಮುಂಚೆ ಆ ಕುಟುಂಬದ ಕ್ಷಮೆ ಕೇಳ್ಬೇಕು ಅನ್ನಿಸ್ತು." ಕೈ ಮುಗಿದರು. ಕಣ್ಣಲ್ಲಿ ನೀರು. ಬೇಕಾದಾಗ ಬರುತ್ತದೆ, ನಾನು ಬಲ್ಲೆ.

ಹಾಲ್ ಎದ್ದು ನಿಂತಿತು. ಎದ್ದು ನಿಂತಿತು! ಗಿರಣಿಯ ಅಣ್ಣ ಎಲ್ಲರಿಗಿಂತ ಮೊದಲು. ಯಾಕೆ ಏಳುವುದಿಲ್ಲ? ವಾಲ್ವ್ ಮಾಯವಾಗಿತ್ತು. ಅವನ ಅಪ್ಪ ಮಾಯವಾಗಿದ್ದ. ನನ್ನ ಅಪ್ಪ ಮಾತ್ರ ಅಲ್ಲೇ ಬಿದ್ದಿದ್ದ, ಮೇಷ್ಟ್ರ ದೊಡ್ಡತನಕ್ಕೆ ಮೆಟ್ಟಿಲಾಗಿ.

ಮನೆಗೆ ಬಂದರೆ ಟಿವಿ ಆರಿತ್ತು. "ನೋಡಿದ್ಯಾ?" ಅಂದೆ. "ಹಾಲು ಒಲೆ ಮೇಲಿದೆ" ಅಂದಳು ಅಮ್ಮ.

ಏಪ್ರಿಲ್ 14, ಬೆಳಿಗ್ಗೆ

ಪೇಪರ್ ತುಂಬ ಅವರೇ. 'ಪ್ರಶಸ್ತಿ ಹೊತ್ತಲ್ಲಿ ಪಶ್ಚಾತ್ತಾಪ.' 'ಹಿರಿಯರ ಎದೆಗಾರಿಕೆ.'

ಫೋನ್ ಬಂತು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ದನಿ ಮೃದು.

"ಒಳ್ಳೆ ಸ್ಕ್ರಿಪ್ಟ್. ನಾನು ಅಷ್ಟು ಧೈರ್ಯವಾಗಿ ಬರೀತಿರ್ಲಿಲ್ಲ."

ಪೇಪರ್ ಮಡಿಸಿ ಆಚೆ ಇಟ್ಟೆ.

"ಅವನ ಮಗಳಾ ನೀನು?"

"ಹೌದು."

"ಮೊದ್ಲೇ ಹೇಳ್ಬಾರ್ದಿತ್ತಾ? ಹೋಗ್ಲಿ. ನಾಳೆಯಿಂದ ಬರೋದು ಬೇಡ, ಅರ್ಥ ಆಗತ್ತಲ್ಲ. ಆದ್ರೆ ಒಂದು ಕೆಲ್ಸ ಬಾಕಿ ಇದೆ. ಎಲ್ಲ ಚಾನೆಲ್‌ನೋರೂ ಆ ಕುಟುಂಬ ಎಲ್ಲಿದೆ ಅಂತ ಕೇಳ್ತಿದಾರೆ. ನಿಮ್ಮಮ್ಮನ ಮನೆಗೇ ಬಂದು ಕ್ಷಮೆ ಕೇಳ್ತೀನಿ. ನಿಮಗೂ ಒಳ್ಳೇದು."

ಕ್ಯಾಮೆರಾ ಜೊತೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಏಪ್ರಿಲ್ 15

ಹಲ್ಲುಜ್ಜುವಾಗ ಹೊಳೆಯಿತು. ಮೊನ್ನೆವರೆಗೆ ಆ ರೆಕಾರ್ಡಿಂಗ್ ಹರಟೆ. ಇವತ್ತು? ಕುಡಿಸಿದ್ದು ನಾನೇ ಅಂತ ಅವರೇ ಊರ ಮುಂದೆ ಒಪ್ಪಿಕೊಂಡಿದ್ದಾರೆ. ಇನ್ನು ಅದು ಸುಳ್ಳು ಧ್ವನಿ ಅನ್ನಲಾರರು. ಅದೇ ಧ್ವನಿ, ಅದೇ ಕಥೆ — ಜೊತೆಗೆ ವಾಲ್ವ್. ಜೊತೆಗೆ ಯಜಮಾನರು. ಜೊತೆಗೆ ಆ ನಗು.

ಬೀಗ ಅವರೇ ತೆಗೆದುಕೊಟ್ಟರು. ಇನ್ನು ಒಳಗೆ ನುಗ್ಗುವುದಷ್ಟೇ.

ಬನ್ನಿ ಸರ್ ಅಂತ ಮೆಸೇಜ್ ಹಾಕಿದೆ. ಇಪ್ಪತ್ತಕ್ಕೆ, ಬೆಳಿಗ್ಗೆ. ಟಿವಿಯವರಿಗೆ ವಿಳಾಸ, ಬೆಳಕು, ನಿಲ್ಲುವ ಜಾಗ — ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂದೆ. ಇಷ್ಟು ಮನಸ್ಸಿಟ್ಟು ಯಾವ ಪ್ರೆಸ್ ಮೀಟನ್ನೂ ಮಾಡಿದವಳಲ್ಲ. ಲಿಫ್ಟ್ ಇಲ್ಲ ಅಂತ ಮಾತ್ರ ಹೇಳಲಿಲ್ಲ.

ಏಪ್ರಿಲ್ 20, ಮಧ್ಯಾಹ್ನ

ಬಂದರು. ಮೂರು ಮಹಡಿ ಹತ್ತಿದರು, ಪ್ರತಿ ತಿರುವಿನಲ್ಲೂ ನಿಂತು, ಮೊಣಕಾಲು ಹಿಡಿದು. ಕೈಯಲ್ಲಿ ಹೂಗುಚ್ಛ. ಹಿಂದೆ ಕ್ಯಾಮೆರಾಗಳು, ಮೈಕುಗಳು, ಮೆಟ್ಟಿಲ ತುಂಬ ಜನ. ಲೈವ್. ಎದುರುಮನೆಯಾಕೆ ನೈಟಿ ಬದಲಿಸಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಅಮ್ಮನಿಗೆ ಹಿಂದಿನ ದಿನವೇ ಹೇಳಿದ್ದೆ. ಆಗಲಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನು ಇವರನ್ನು ಎದುರುಗೊಳ್ಳಲು ಕೆಳಗಿಳಿದೆ. ವಾಪಸ್ಸು ಬಂದರೆ ಬಾಗಿಲು ಹಾಕಿದೆ. ಒಳಗಿನಿಂದ ಚಿಲಕ.

ಮೇಷ್ಟ್ರು ತಟ್ಟಿದರು. "ಅಮ್ಮಾ… ನಾನು ಬಂದಿದ್ದೀನಿ."

ಒಳಗಿಂದ ಅಮ್ಮನ ದನಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ: "ಮನೇಲಿ ಯಾರೂ ಇಲ್ಲ!"

ಕ್ಯಾಮೆರಾ ಹಿಡಿದವನೇ ನಕ್ಕುಬಿಟ್ಟ. ಎದುರುಮನೆಯಾಕೆ ಸೆರಗು ಬಾಯಿಗಿಟ್ಟಳು. ಮೇಷ್ಟ್ರು ಮಾತ್ರ ವಿಚಲಿತರಾಗಲಿಲ್ಲ. ಮೈಕುಗಳ ಕಡೆ ತಿರುಗಿದರು. "ಆ ತಾಯಿಯ ಕೋಪ ನ್ಯಾಯವಾದದ್ದು. ಇದೂ ನನಗೆ ಸಲ್ಲಬೇಕಾದ ಶಿಕ್ಷೆ…" ನೋಡಿ! ಮುಚ್ಚಿದ ಬಾಗಿಲಿನಲ್ಲೂ ಹೆಸರು ಮಾಡುವ ಗಂಡಸು.

"ಸರ್" ಅಂದೆ. "ವಾಲ್ವ್ ವಿಷ್ಯ ಹೇಳಿ."

"ಯಾವ ವಾಲ್ವ್ ಅಮ್ಮಾ?"

ಫೋನನ್ನು ಮೈಕುಗಳ ಹತ್ತಿರ ಹಿಡಿದೆ. ಒತ್ತಿದೆ. ಅವರದೇ ಕೋಣೆ, ಅವರದೇ ಗಂಟಲು. ವಾಲ್ವ್ ಕೆಟ್ಟಿದೆ ಅಂತ ಬಡ್ಕೊಳ್ತಾನೇ ಇದ್ನಂತೆ. ಯಜಮಾನ್ರು ನನ್ನ ಕರೆಸಿದ್ರು. ಒಬ್ಬನೂ ಕೇಳ್ಲಿಲ್ಲ. ಸತ್ತ ಮೇಲೆ ನಾನು ಕುಡಿಸಿದೆ ಅನ್ನು. ಆಮೇಲೆ ನಗು. ಮೆಟ್ಟಿಲ ಬಾವಿಯಲ್ಲಿ ಆ ನಗು ಕೆಳಗಿನ ಮಹಡಿಯವರೆಗೂ ಇಳಿದು ಮತ್ತೆ ಮೇಲೆ ಬಂತು.

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಬಾಯಿಗೆ ಮಾತು ಸಿಗಲಿಲ್ಲ. ನನ್ನ ಕಡೆ ನೋಡಿದರು — ಬರೆದುಕೊಡು ಅನ್ನುವ ಹಾಗೆ. ನಾನು ಕೊಡಲಿಲ್ಲ. ಹಾಗೇ ಕುಸಿದು ಮೆಟ್ಟಿಲ ಮೇಲೆ ಕೂತರು. ಮೈಕುಗಳೂ ಬಗ್ಗಿ ಕೂತವು.

ಸುಖವಾಯಿತು. ಹಾಲು ಕುಡಿದಷ್ಟು ಸುಖ. ಯಾರೂ ಓದದ ಈ ಪುಸ್ತಕದಲ್ಲಿ ಸುಳ್ಳು ಯಾಕೆ?

ಏಪ್ರಿಲ್ 20, ಸಂಜೆ

ಅವರೆಲ್ಲ ಹೋದ ಮೇಲೆ ಅಮ್ಮ ಚಿಲಕ ತೆಗೆದಳು. ಮುಖ ಊದಿತ್ತು. ನಾನು ಗೆದ್ದು ಬಂದವಳ ಹಾಗೆ ಒಳಗೆ ಹೋದೆ.

"ಆ ನಗು ನನಗೂ ಕೇಳಿಸ್ಬೇಕಿತ್ತೇನೇ?" ಅಂದಳು.

ಬಾಗಿಲ ಹಿಂದೆಯೇ ನಿಂತಿದ್ದಳಂತೆ, ಮೊದಲಿನಿಂದ ಕೊನೆವರೆಗೆ.

"ಅವನು ನಿಮ್ಮಪ್ಪನ್ನ ಒಂದ್ಸಲ ಪೇಪರಿಗೆ ಹಾಕ್ದ. ನೀನು ಎರಡನೇ ಸಲ ಹಾಕ್ದೆ. ನಡುವೆ ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಹೇಳಿದ್ದೆ, ಕೇಳಿರಲಿಲ್ಲ. ನಾನೂ ಮೇಷ್ಟ್ರ ಬಾವಿಯ ನೀರನ್ನೇ ಕುಡಿದವಳು.

ಏಪ್ರಿಲ್ 30

ಅಮ್ಮ ಮಾತು ಬಿಟ್ಟು ದಿನಗಳಾದವು. ಹೊಲಿಗೆ ಯಂತ್ರದ ಸದ್ದೊಂದೇ ಮನೆಯಲ್ಲಿ.

ಹೊರಗೆ ಬೇರೆ ಸದ್ದು. 'ಮನೇಲಿ ಯಾರೂ ಇಲ್ಲ' ಎಲ್ಲರ ಫೋನಿನಲ್ಲೂ ಓಡುತ್ತಿದೆ. ಸಂಘದವರು ಪ್ರಶಸ್ತಿ ವಾಪಸ್ ಕೇಳಿದ್ದಾರೆ. ಗಿರಣಿಯವರು ಏಜೆನ್ಸಿಯನ್ನು ಬಿಟ್ಟು, ಆ ಕಾಲದ ವಿಷಯ ಪರಿಶೀಲಿಸುತ್ತೇವೆ ಅಂತ ಪ್ರಕಟಣೆ ಕೊಟ್ಟಿದ್ದಾರೆ. ಯಾರು ಬರೆದರೋ, ಸಪ್ಪೆ. ವಾಲ್ವ್ ಅನ್ನುವ ಪದವೇ ಇಲ್ಲ. ಬಿಡುವುದಿಲ್ಲ ಅವರನ್ನೂ. ಗಿರಣಿಯ ಹಳೆಯ ಕಾರ್ಮಿಕರು ಇಬ್ಬರು ಫೋನ್ ಮಾಡಿದ್ದರು, ಸಾಕ್ಷಿ ಹೇಳಲು ಸಿದ್ಧರಂತೆ. ಇನ್ನು ಕೋರ್ಟು. ಮೇಷ್ಟ್ರು ಕೋಣೆಯಿಂದ ಹೊರಗೆ ಬರುತ್ತಿಲ್ಲವಂತೆ. ಬಾರದಿರಲಿ.

ಕನಿಕರ ಬರುತ್ತದೇನೋ ಅಂತ ಹುಡುಕಿ ನೋಡಿದೆ. ಇಲ್ಲ.

ಮೇ 3, ಬೆಳಿಗ್ಗೆ

ಅಂದು ಆ ಮೂರು ಸಾಲು ಹಾಕಿದ್ದ ಪತ್ರಿಕೆಗಳಲ್ಲಿ ಒಂದರ ಸಂಪಾದಕಿ ಫೋನ್ ಮಾಡಿದ್ದರು. ತಿದ್ದುಪಡಿ ಹಾಕುತ್ತಾರಂತೆ, ಮೊದಲ ಪುಟದಲ್ಲಿ. "ನೀವೇ ಬರೆದು ಕಳಿಸಿ. ನಿಮಗಿಂತ ಯಾರು ಚೆನ್ನಾಗಿ ಬರೀತಾರೆ?"

ಕೂತೆ. ಎಷ್ಟು ಪ್ರಕಟಣೆ ಬರೆದ ಕೈ ಇದು! 'ಸದರಿ ನೌಕರರು ಮದ್ಯಪಾನ ಮಾಡಿರಲಿಲ್ಲವೆಂದು ಈ ಮೂಲಕ…' ಹೊಡೆದುಹಾಕಿದೆ. ಮತ್ತೆ ಬರೆದೆ. ಮತ್ತೆ ಹೊಡೆದೆ. ಎಲ್ಲ ಸಾಲೂ ಮೇಷ್ಟ್ರು ಬರೆದ ಹಾಗೇ ಬರುತ್ತಿತ್ತು.

ಹೊಲಿಗೆ ಯಂತ್ರ ನಿಂತಿತು. "ಏನದು?" ಅಂದಳು ಅಮ್ಮ. ಅಷ್ಟು ದಿನದ ಮೇಲೆ ಮೊದಲ ಮಾತು. ಹೇಳಿದೆ. ಈ ಸಲ ಕೇಳಿದೆ ಕೂಡ: "ಹಾಕ್ಸೋದಾ, ಬೇಡ್ವಾ? ನೀನು ಹೇಳ್ದ ಹಾಗೆ."

ಯಂತ್ರದಲ್ಲಿದ್ದ ಬಟ್ಟೆ ಎಳೆದು ಮಡಿಸಿಟ್ಟಳು.

"ನಾನೂ ನಂಬಿದ್ದೆ ಕಣೆ" ಅಂದಳು. "ಪೇಪರಲ್ಲಿ ಬಂದಿತ್ತಲ್ಲ. ನನಗೆ ಗೊತ್ತಿಲ್ದ ಹಾಗೆ ಗಿರಣೀಲಿ ಕುಡೀತಿದ್ರೇನೋ ಅಂತ. ಅದಕ್ಕೇ ನಿನಗೆ ಉತ್ರ ಹೇಳ್ಲಿಲ್ಲ. ಸತ್ತೋರ ಮೇಲೆ ಇಷ್ಟು ವರ್ಷ ಮುನಿಸ್ಕೊಂಡಿದ್ದೆ. ಒಂದಿನ ಅವರಿಗೋಸ್ಕರ ಸರಿಯಾಗಿ ಅಳ್ಲೂ ಇಲ್ಲ."

ಎದ್ದು ಬಂದು ನನ್ನ ಪಕ್ಕ ಕೂತಳು. ಸೀರೆಗೆ ಅಂಟಿದ್ದ ನೂಲು ಕೊಡವಿಕೊಂಡಳು.

"ನಿನ್ನ ಆ ಸದರಿ ಗಿದರಿ ಬೇಡ. ನಾನು ಹೇಳ್ತೀನಿ, ಬರ್ಕೋ."

ಬರೆದುಕೊಳ್ಳುತ್ತಿದ್ದೇನೆ. ಹೇಳುತ್ತಿದ್ದಾಳೆ —

"ಆವತ್ತು ಬೆಳಿಗ್ಗೆ ನನ್ನ ಗಂಡ ಬೇಗ ಎದ್ರು. ಅಂಗಿ ಗುಂಡಿ ಕಿತ್ತುಹೋಗಿತ್ತು, ಹಾಕಿಕೊಡು ಅಂದ್ರು. ತೊಟ್ಕೊಂಡಿದ್ದ ಹಾಗೇ ಹಾಕ್ತಿದ್ದೆ. ದಾರ ಹಲ್ಲಿಂದ ಕಡಿಯೋವಾಗ ಅವರ ಎದೆ ಹತ್ರ ಹೋಗಿದ್ದೆ, ಅವರ ಮೈಯಿಂದ ಬರ್ತಿದ್ದದ್ದು ಬಟ್ಟೆ ಸೋಪಿನ ವಾಸನೆ, ಅಷ್ಟೇ…"